ಊರ ದೈವದವರಲ್ಲಿ ಒಂದು ಬಿನ್ನಹ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಹಳ್ಳಿಗಳಲ್ಲಿ ಗುಡಿಯ ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುವ ದೈವದ ಹಿರಿಯರಿಗೂ ಜಾತ್ರಾ ಕಮಿಟಿಯ ಪಂಚರಿಗೂ.

ಪೂಜ್ಯರೇ,

ನೀವು ಕೂಡಿ ಕುಳಿತಾಗ ತೇರಿನ ಹಗ್ಗ, ಪಲ್ಲಕ್ಕಿಯ ಸರದಿ, ವಂತಿಗೆಯ ಲೆಕ್ಕ ಇವಿಷ್ಟೇ ಇತ್ಯರ್ಥವಾಗುವುದಿಲ್ಲವೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಯಾರ ಮನೆಯ ಸಂಬಂಧ ಕೂಡಬೇಕು, ಯಾರದು ಮುರಿಯಬೇಕು. ಮಕ್ಕಳಾಗದ ಸೊಸೆಯನ್ನು ವೈದ್ಯರಲ್ಲಿಗೆ ಕಳುಹಬೇಕೋ ಹೇಳಿಕೆ ಹೇಳುವವನಲ್ಲಿಗೆ ಕಳುಹಬೇಕೋ. ಅಣ್ಣತಮ್ಮಂದಿರ ನಡುವಣ ಬದುವಿನ ತಂಟೆಯಲ್ಲಿ ಯಾರು ಗುಡಿಯ ದೀಪ ಮುಟ್ಟಿ ಆಣೆ ಮಾಡಬೇಕು, ಇಂಥವೂ ನಿಮ್ಮ ಮುಂದೆಯೇ ಬರುತ್ತವೆ. ಬಂದವುಗಳಲ್ಲಿ ಎಷ್ಟೋ ವಿಷಯಗಳು, ಮೂರ್ತಿಯ ಎಡಬಲ ಭುಜಗಳಿಗೆ ಹಚ್ಚಿದ ಹೂವು ಯಾವ ಕಡೆಯಿಂದ ಮೊದಲು ಉದುರಿತೆಂಬುದರ ಮೇಲೆ ನಿಶ್ಚಯವಾಗುತ್ತವೆ. ಆ ಹೂವಿಗಾಗಿ ಉಸಿರು ಬಿಗಿಹಿಡಿದು ಕಾದು ನಿಂತವರ ನಡುವೆ ನಾನೂ ನಿಂತವನು. ಆದುದರಿಂದ ಈ ಪತ್ರವನ್ನು ಹೊರಗಿನವನ ಹೀಯಾಳಿಕೆಯೆಂದು ತಾವು ತಿಳಿಯಬಾರದು. ನೀತಿಯ ನಿರ್ಣಯದಲ್ಲಿ ನಂಬಿಕೆಗೆ ಎಷ್ಟು ಸ್ಥಾನ, ಸಂದೇಹಕ್ಕೆ ಎಷ್ಟು ಸ್ಥಾನ ಎಂಬ ಪ್ರಶ್ನೆಯನ್ನು ಪಂಡಿತರು ತಮ್ಮ ಗ್ರಂಥಗಳಲ್ಲಿ ಚರ್ಚಿಸಿದ್ದಾರೆ, ಚರ್ಚಿಸಲಿ. ಆದರೆ ಅದು ನಿಜವಾಗಿ ತೀರ್ಮಾನವಾಗುತ್ತಿರುವುದು ನಿಮ್ಮ ಕಟ್ಟೆಯ ಮೇಲೆ, ಮತ್ತು ಅದರ ಫಲವನ್ನು ಉಣ್ಣುವವರು ಬಹುಮಟ್ಟಿಗೆ ಆ ಕಟ್ಟೆಯನ್ನು ಹತ್ತಲು ಅಧಿಕಾರವಿಲ್ಲದವರು.

ಮುದ್ದೇಬಿಹಾಳದ ಕಡೆಯ ಒಂದು ಹಳ್ಳಿಯಲ್ಲಿ ನಡೆದುದನ್ನು ಮೊದಲು ಅರಿಕೆ ಮಾಡುತ್ತೇನೆ. ಇನ್ನೂ ಪ್ರಾಥಮಿಕ ಶಾಲೆಯನ್ನು ದಾಟದ ಹುಡುಗಿಯೊಬ್ಬಳ ಹೆಡಕಿನ ಮೇಲೆ ಕೂದಲು ಗಂಟುಗಟ್ಟಿ ಜಡೆಯಾಯಿತು. ಅಜ್ಜಿ ಅದನ್ನು ಕಂಡೊಡನೆ ಬಾಚುವುದನ್ನು ನಿಲ್ಲಿಸಿ, ವಾರವಾರವೂ ಭಂಡಾರ ಹಚ್ಚತೊಡಗಿದಳು. ಬಾಚಣಿಗೆ ತಗಲದ ಕೂದಲು, ಎಣ್ಣೆ ಭಂಡಾರಗಳನ್ನು ಹೀರಿ, ದಿನೇ ದಿನೇ ಹಗ್ಗದಂತೆ ಬಿಗಿಯಿತು. ದೇವಿ ಎಲ್ಲವ್ವ ಜಡೆಯಾಗಿ ಬಂದಿದ್ದಾಳೆಂಬ ಮಾತು ಓಣಿಯಿಂದ ಓಣಿಗೆ ಹಬ್ಬಿ ಕಟ್ಟೆಗೂ ಬಂದಿತು. ಬರುವ ಭರತ ಹುಣ್ಣಿಮೆಗೆ ಸವದತ್ತಿಯ ಗುಡ್ಡಕ್ಕೆ ಒಯ್ದು ಹುಡುಗಿಗೆ ಮುತ್ತು ಕಟ್ಟಿಸಿ ದೇವದಾಸಿಯಾಗಿ ಬಿಡಬೇಕೆಂದು ಇಬ್ಬರು ಹಿರಿಯರು ಅಂದರು. ಮುತ್ತು ಕಟ್ಟಿಸಿಕೊಂಡ ಹೆಣ್ಣುಮಗಳ ಮುಂದಿನ ಬಾಳು ಯಾವ ಬಾಳೆಂಬುದು ಅಲ್ಲಿ ಕುಳಿತಿದ್ದ ಎಲ್ಲರಿಗೂ ತಿಳಿದಿತ್ತು. ಆದರೂ ದೇವಿಯ ಇಚ್ಛೆಯೆಂದ ಮೇಲೆ ಯಾರ ಬಾಯೂ ಏಳಲಿಲ್ಲ. ಊರ ಶಾಲೆಯ ತರುಣ ಮಾಸ್ತರರೊಬ್ಬರು ಎದ್ದು ಕಾಯಿದೆಯ ಮಾತೆತ್ತಿದರು. ಅದು ಬೆಂಕಿಗೆ ಎಣ್ಣೆ ಹೊಯ್ದಂತಾಗಿ, ಪೊಲೀಸರ ಹೆಸರು ಹೇಳಿ ದೇವರನ್ನು ಹೆದರಿಸುವಿರಾ ಎಂದು ಅವರ ಮೇಲೆಯೇ ಎಲ್ಲರೂ ಬಿದ್ದರು.

ಆಗ ಮಾತಾಡಿದವಳು ಕಟ್ಟೆಯ ಕೆಳಗೆ ನಿಂತಿದ್ದ ಒಬ್ಬ ಮುದುಕಿ. ಮಂಗಳವಾರ ಶುಕ್ರವಾರ ಎಲ್ಲವ್ವನ ಹೆಸರಿನಲ್ಲಿ ಒಪ್ಪೊತ್ತು ಬಿಡದವಳು, ವರ್ಷವರ್ಷವೂ ಗುಡ್ಡಕ್ಕೆ ನಡೆದು ಹೋಗಿ ಬಂದವಳು. ಆಕೆ ಅಂದದ್ದು ಇಷ್ಟೇ: “ತಾಯಿ ಖರೇನ ಬಂದಿದ್ರ ಸೀಗಿಕಾಯಿಗೆ ಅಂಜತಾಳೇನ್ರಪ್ಪಾ? ತೊಳದ ನೋಡೂಣು. ಹೋದ್ರ ಹೊಲಸು, ಉಳದ್ರ ತಾಯಿ.” ಆ ಮಾತಿಗೆ ಎದುರಾಡುವುದು ಯಾರಿಗೂ ಸಾಧ್ಯವಾಗಲಿಲ್ಲ. ರಾತ್ರಿಯಿಡೀ ಕೊಬ್ಬರಿ ಎಣ್ಣೆಯಲ್ಲಿ ನೆನೆಯಿಟ್ಟು, ಮರುದಿನ ಬಿಸಿನೀರು ಸೀಗೇಕಾಯಿಗಳಿಂದ ತೊಳೆದು, ಕಂಬಳಿ ಹೊಲಿಯುವ ದಬ್ಬಣದಿಂದ ಎಳೆ ಎಳೆಯಾಗಿ ಬಿಡಿಸುತ್ತ ಹೋದಂತೆ ಒಳಗಿನಿಂದ ಹೊರಟದ್ದು ಭಂಡಾರದ ಹೆಪ್ಪು, ಕಮಟು ಎಣ್ಣೆ, ಸೀರು. ಅದರ ಅಡಿಯಲ್ಲಿ ತಲೆಯ ಚರ್ಮ ಹುಣ್ಣಾಗಿ ಹುಡುಗಿಯು ಇಷ್ಟು ದಿನವೂ ಯಾರಿಗೂ ಹೇಳದೆ ನೋವುಂಡಿದ್ದಳು. ಒಳಗಿನ ಒಂದು ಗಂಟು ಮಾತ್ರ ಬಿಡಲಿಲ್ಲ. ಅದನ್ನು ಕತ್ತರಿಯಿಂದ ತೆಗೆಯಬೇಕಾಯಿತು. ಆ ಕ್ಷಣದಲ್ಲಿ ಹುಡುಗಿಯ ಅಜ್ಜಿ ಮುಖ ತಿರುಗಿಸಿದಳು. ಕತ್ತರಿಸಿದ ಗಂಟನ್ನು ಆ ಮುದುಕಿಯೇ ಹಸಿರು ಕಣದಲ್ಲಿ ಭಂಡಾರದೊಡನೆ ಕಟ್ಟಿ, ಮುಂದಿನ ಹುಣ್ಣಿಮೆಗೆ ಗುಡ್ಡಕ್ಕೆ ಒಯ್ದು ದೇವಿಗೆ ಒಪ್ಪಿಸಿ ಬಂದಳು. ಹುಡುಗಿ ಶಾಲೆಗೆ ಹೋದಳು.

ಕಾಯಿದೆಯು ಬೇಡವೆಂದು ನಾನು ಹೇಳುತ್ತಿಲ್ಲ. ಈ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1934ರಲ್ಲಿ, ದೇವದಾಸಿ ರಕ್ಷಣೆಯ ಕಾಯಿದೆ ಬಂದಿತು. ಕರ್ನಾಟಕದ ವಿಧಾನಮಂಡಲವು 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಮತ್ತೊಂದನ್ನು ಮಾಡಿತು. ಮೊದಲನೆಯ ಕಾಯಿದೆಗೂ ಎರಡನೆಯದಕ್ಕೂ ನಡುವೆ ಸುಮಾರು ಅರ್ಧ ಶತಮಾನ ಸಂದರೂ ಮುತ್ತು ಕಟ್ಟುವ ಕೈಗಳು ಪೂರಾ ನಿಲ್ಲದೆ ಹೋದುದಕ್ಕೆ ಕಾರಣವೇನೆಂದು ವಿಚಾರಿಸಿದರೆ, ಕಾಯಿದೆಯು ಹೊರಗಿನಿಂದ ಬಂದು ನಂಬಿಕೆಯ ಎದುರಿಗೆ ನಿಂತಿತು, ನಂಬಿಕೆಯ ಒಳಗಿನಿಂದ ಏಳಬೇಕಾದ ಪ್ರಶ್ನೆ ತಡವಾಗಿ ಎದ್ದಿತು ಎನ್ನಬೇಕಾಗುತ್ತದೆ. ಆ ಮುದುಕಿ ದೇವಿಯನ್ನು ಸಂದೇಹಿಸಲಿಲ್ಲ; ದೇವಿಯ ಹೆಸರು ಹೇಳಿದವರನ್ನು ಸಂದೇಹಿಸಿದಳು. ಅವಳ ಎಲ್ಲವ್ವ ಸೀಗೇಕಾಯಿಗೆ ಅಂಜದಷ್ಟು ದೊಡ್ಡವಳಾಗಿದ್ದುದರಿಂದಲೇ ಅವಳಿಗೆ ಪರೀಕ್ಷೆಯ ಭಯವಿರಲಿಲ್ಲ. ಪರೀಕ್ಷೆಗೆ ಹೆದರಿದವರು ಕಟ್ಟೆಯ ಮೇಲೆ ಕುಳಿತವರು, ಮತ್ತು ಆ ಭಯವನ್ನೇ ಅವರು ಭಕ್ತಿಯೆಂದು ಕರೆದುಕೊಂಡಿದ್ದರು.

ಸಂದೇಹವೆಂದರೆ ದೇವರಿಗೆ ಮಾಡುವ ಅಪಚಾರವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಹಿಂಗಾರಿಯ ಬಿತ್ತಿಗೆಗೆ ಮುನ್ನ ಬಿಳಿಜೋಳದ ನೂರು ಕಾಳುಗಳನ್ನು ಎಣಿಸಿ, ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡಿದ ಮೇಲೆಯೇ ಕೂರಿಗೆ ಹೂಡುವ ಒಕ್ಕಲಿಗನನ್ನು ಭೂಮಿತಾಯಿಯಲ್ಲಿ ನಂಬಿಕೆಯಿಲ್ಲದವನೆಂದು ಯಾರೂ ಅನ್ನುವುದಿಲ್ಲ. ಎಳ್ಳಮವಾಸ್ಯೆಯ ದಿನ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವವನೂ ಅವನೇ ಅಲ್ಲವೇ? ಅಂಥ ಚರಗವನ್ನು ಕುರಿತು ತರ್ಕ ಹೂಡುವವರ ಮೇಲೆ ನನಗೆ ಗೌರವವಿಲ್ಲ. ಸಜ್ಜೆಯ ಕಡಬು, ಪುಂಡಿಪಲ್ಯೆ, ಭಜ್ಜಿಗಳ ಒಂದು ತುತ್ತನ್ನು ಮಣ್ಣಿಗೆ ಕೊಡುವುದರಿಂದ ಯಾರಿಗೂ ಹಾನಿಯಿಲ್ಲ, ಹಾಗೂ ಕೊಟ್ಟವನ ಮನಸ್ಸು ಅದರಿಂದ ಮೆತ್ತಗಾಗುತ್ತದೆ. ಸಂದೇಹವು ತನ್ನ ಶಕ್ತಿಯನ್ನು ಅಲ್ಲಿ ವೆಚ್ಚ ಮಾಡಬೇಕಾಗಿಲ್ಲ.

ಹಾಗಾದರೆ ಎಲ್ಲಿ? ನನ್ನ ಉತ್ತರ ಒಂದೇ, ಅದನ್ನು ನಿಮ್ಮ ಮುಂದೆ ಇಡುವುದಕ್ಕಾಗಿಯೇ ಈ ಪತ್ರ. ನಂಬಿಕೆಯ ಬೆಲೆಯನ್ನು ನಂಬಿದವನು ತಾನೇ ತೆರುತ್ತಿದ್ದರೆ ಅವನ ನಂಬಿಕೆಗೆ ನಾವು ಕೈಮುಗಿಯಬೇಕು; ಆ ಬೆಲೆಯನ್ನು ಬೇರೊಬ್ಬರು ತೆರಬೇಕಾದಾಗ, ಅವರು ಮಗುವೋ, ಸೊಸೆಯೋ, ಊರ ಹೊರಗಿನ ಕೇರಿಯವರೋ ಆಗಿದ್ದಾಗ, ಸಂದೇಹಪಡುವುದು ಹಿರಿಯರ ಕರ್ತವ್ಯ; ಅದನ್ನು ಬಿಟ್ಟವರು ಧರ್ಮವನ್ನೇ ಬಿಟ್ಟಂತೆ.

ಈ ಅಳತೆ ಆಡಿದಷ್ಟು ಸರಳವಲ್ಲವೆಂಬುದನ್ನೂ ಬಲ್ಲೆ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವನ ಮಾತು ಕೇಳಿ ಒಕ್ಕಲಿಗನೊಬ್ಬ ಬೋರ್ ಹೊಡೆಸಿದರೆ, ನಂಬಿದವನೂ ಅವನೇ, ದುಡ್ಡು ಹಾಕಿದವನೂ ಅವನೇ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ನೀರು ಬೀಳದೆ ಸಾಲ ಬಿದ್ದಾಗ ಕೊರಳಿನ ಗುಂಡು ಮಾರುವವಳು ಹೆಂಡತಿ, ಗೋವೆಯ ಕೂಲಿಗೆ ಹೋಗುವವನು ಮಗ. ಹರಕೆ ಹೊತ್ತವಳು ತಾಯಿ, ದೀಡ ನಮಸ್ಕಾರ ಹಾಕುವವಳು ಜ್ವರದ ಮೈಯ ಮಗಳು. ಒಂದೇ ಒಲೆಯ ಅನ್ನ ಉಣ್ಣುವವರಲ್ಲಿ ಒಬ್ಬನ ನಂಬಿಕೆ ಅವನೊಬ್ಬನದಾಗಿಯೇ ಉಳಿಯುವುದು ಅಪರೂಪ. ಆದ್ದರಿಂದಲೇ ಪ್ರತಿಯೊಂದು ಸಲವೂ ಕೇಳಬೇಕಾಗುತ್ತದೆ: ಈ ಮಾತು ಸುಳ್ಳಾದರೆ ಯಾರು ಅಳುತ್ತಾರೆ? ಅಳುವವರನ್ನು ನಾವು ಕೇಳಿದ್ದೇವೆಯೇ?

ಬಸವನ ಬಾಗೇವಾಡಿಯ ಹಿರಿಯರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಎಂಟು ಶತಮಾನಗಳಾಚೆ ನಿಮ್ಮ ಊರ ಅಗ್ರಹಾರದ ಬಾಲಕನೊಬ್ಬ, ತನಗೆ ಹಾಕಲು ಸಿದ್ಧವಾಗಿದ್ದ ಜನಿವಾರವನ್ನು, ಅಕ್ಕ ನಾಗಮ್ಮನಿಗೆ ಸಲ್ಲದ ಸಂಸ್ಕಾರ ತನಗೇಕೆಂದು ನಿರಾಕರಿಸಿ ಮನೆ ಬಿಟ್ಟು ನಡೆದನೆಂಬ ಕಥೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಆ ಕಥೆಯಲ್ಲಿ ನಾವು ಗಮನಿಸದೆ ಬಿಡುವ ಸಂಗತಿಯೆಂದರೆ ಅವನು ಮನೆ ಬಿಟ್ಟು ಹೋದದ್ದು ಎಲ್ಲಿಗೆ ಎಂಬುದು. ನಾಸ್ತಿಕರ ಗೋಷ್ಠಿಗಲ್ಲ, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದ ದೇವಾಲಯಕ್ಕೆ. ಸಂಸ್ಕಾರವನ್ನು ಪ್ರಶ್ನಿಸಿದ ಬುದ್ಧಿಯೂ ಸಂಗಮನಾಥನಿಗೆ ಒಲಿದ ಹೃದಯವೂ ಒಂದೇ ದೇಹದಲ್ಲಿದ್ದವು. ಒಂದು ಇನ್ನೊಂದನ್ನು ಹೊರಗೆ ಹಾಕಲಿಲ್ಲ. ಪ್ರಶ್ನೆ ಹುಟ್ಟಿದ್ದಾದರೂ ತನಗಾದ ಅನ್ಯಾಯದಿಂದಲ್ಲ, ಅಕ್ಕನಿಗಾದ ಅನ್ಯಾಯದಿಂದ. ಮುಂದೆ ಕಲ್ಯಾಣದಲ್ಲಿ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ವಿವಾಹವಾದಾಗ ಶರಣರು ತೆತ್ತ ಬೆಲೆ ಎಂಥದೆಂಬುದನ್ನು ಪುರಾಣ ಹಚ್ಚಿದ ಕಡೆಯಲ್ಲೆಲ್ಲ ಕೇಳಿ ಕಣ್ಣೀರಿಟ್ಟಿದ್ದೇವೆ. ಜಾತಿ ಸುಳ್ಳೆಂದು ಅರಿಯುವುದಕ್ಕೆ ಸಂದೇಹ ಸಾಕು. ಅರಿತುದನ್ನು ಅರಸನ ಎದುರಿಗೆ ನಡೆಸಿ ತೋರಿಸುವುದಕ್ಕೆ ಅದು ಸಾಲದು, ಅಲ್ಲಿ ನಂಬಿಕೆಯೇ ಬೇಕು. ಇಂಚಗೇರಿಯ ಪರಂಪರೆಯ ಮಾಧವಾನಂದ ಪ್ರಭುಗಳು ನಮ್ಮ ಕಾಲದಲ್ಲಿಯೇ ಅಂತರಜಾತೀಯ ವಿವಾಹಗಳನ್ನು ಮಠದ ಆಶ್ರಯದಲ್ಲಿ ನೆರವೇರಿಸಿದುದೂ ಗುರುಭಕ್ತಿಯ ಬಲದಿಂದಲೇ.

ಈಗ ಹಾವಿನ ಮಾತು. ಕಬ್ಬಿನ ಪಡದಲ್ಲಿ, ತೊಗರಿಯ ಸಾಲಿನಲ್ಲಿ, ಕಣಿಕೆಯ ಬಣವೆಯ ಬುಡದಲ್ಲಿ ಕಚ್ಚಿಸಿಕೊಂಡವರನ್ನು ಮೊದಲು ಗುಡಿಗೆ ಹೊತ್ತು ತರುವ ಪದ್ಧತಿ ಇನ್ನೂ ನಮ್ಮ ಕೆಲವು ಊರುಗಳಲ್ಲಿದೆ, ಮತ್ತು ಹಾಗೆ ತಂದವರಲ್ಲಿ ಹಲವರು ಎದ್ದು ಮನೆಗೆ ನಡೆದು ಹೋದುದನ್ನು ನೀವು ಕಂಡಿದ್ದೀರಿ. ಕಂಡುದನ್ನು ಸುಳ್ಳೆನ್ನಲು ನಾನು ಬಂದಿಲ್ಲ. ಆದರೆ ನಮ್ಮ ಹೊಲಗಳ ಹಾವುಗಳಲ್ಲಿ ಬಹುಪಾಲು ವಿಷವಿಲ್ಲದವು; ವಿಷವುಳ್ಳವು ಕೂಡ ಎಷ್ಟೋ ಸಲ ವಿಷ ಬಿಡದೆ ಬರಿಯ ಹಲ್ಲೂರಿ ಹೋಗುತ್ತವೆ. ಗುಡಿಯಲ್ಲಿ ಹಚ್ಚುವ ಅಂಗಾರದಿಂದ ಬದುಕಿದರೆಂದು ನಾವು ಎಣಿಸಿದವರು ಅಂಗಾರವಿಲ್ಲದೆಯೂ ಬದುಕುವವರೇ ಆಗಿದ್ದರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರಲ್ಲಿ ಒಂದು ನಿಜವಾಗಿ ವಿಷ ಬಿಟ್ಟಿದ್ದರೆ, ಆಗ ಬೇಕಾದುದು ಕುದುರೆಯ ರಕ್ತದಿಂದ ತಯಾರಿಸಿದ ಪ್ರತಿವಿಷ. ಆ ನಾಲ್ಕರ ವಿಷಕ್ಕೂ ಅದೊಂದೇ ಚುಚ್ಚುಮದ್ದು ನಡೆಯುತ್ತದೆ. ಕಟ್ಟುಹಾವಂತೂ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು. ಕಚ್ಚಿದ ಕಡೆ ಬಾವಿಲ್ಲ, ಉರಿಯಿಲ್ಲ, ಗುರುತು ಕೂಡ ಕಾಣದು. ಕೆಲ ಹೊತ್ತಿನ ಮೇಲೆ ಕಣ್ಣರೆಪ್ಪೆಗಳು ತಾವಾಗಿ ಇಳಿಬೀಳುತ್ತವೆ, ನಾಲಗೆ ತೊದಲುತ್ತದೆ, ಕೊನೆಗೆ ಉಸಿರು ನಿಲ್ಲುತ್ತದೆ. ಗುಡಿಯ ಪ್ರದಕ್ಷಿಣೆಯಲ್ಲಿ ಕಳೆದದ್ದು ಆ ಕೆಲ ಹೊತ್ತು. ಬದುಕಿದವರು ಊರಲ್ಲಿ ತಿರುಗಾಡುತ್ತ ಗುಡಿಯ ಮಹಿಮೆಗೆ ಸಾಕ್ಷಿಯಾಗುತ್ತಾರೆ. ಸತ್ತವರ ಪಾಲಿಗೆ ಆಯುಷ್ಯ ತೀರಿತ್ತೆಂಬ ಒಂದು ಮಾತು ಉಳಿಯುತ್ತದೆ. ಹೀಗೆ ಒಂದು ಕಡೆಯ ಸಾಕ್ಷಿಯನ್ನು ಮಾತ್ರ ಕೇಳಿ ಹೇಳಿದ ನ್ಯಾಯವನ್ನು ಬದುವಿನ ತಂಟೆಯಲ್ಲಿ ನೀವು ಒಪ್ಪುವಿರಾ?

2017ರಲ್ಲಿ ವಿಧಾನಮಂಡಲ ಅಂಗೀಕರಿಸಿ 2020ರಲ್ಲಿ ಜಾರಿಗೆ ಬಂದ, ಜನ ಮೌಢ್ಯ ನಿಷೇಧ ಕಾಯಿದೆಯೆಂದು ಕರೆಯುವ ಕಾಯಿದೆಯನ್ನು ದೇವರ ವಿರುದ್ಧ ಮಾಡಿದ್ದೆಂದು ಕೆಲವರು ನಿಮಗೆ ಹೇಳಿರಬಹುದು. ಅದನ್ನು ಓದಿಸಿ ಕೇಳಿರಿ. ಪೂಜೆ, ಪ್ರದಕ್ಷಿಣೆ, ಯಾತ್ರೆ, ಭಜನೆ, ಪುರಾಣಪ್ರವಚನ ಯಾವುದನ್ನೂ ಅದು ಮುಟ್ಟುವುದಿಲ್ಲ. ಹಾವು, ಚೇಳು, ನಾಯಿ ಕಚ್ಚಿದವರನ್ನು ಚಿಕಿತ್ಸೆಗೆ ಹೋಗಗೊಡದೆ ಮಂತ್ರ ಹಾಕುವುದನ್ನೂ, ಮುಟ್ಟಾದ ಅಥವಾ ಬಸಿರಾದ ಹೆಣ್ಣುಮಕ್ಕಳನ್ನು ಬಲಾತ್ಕಾರವಾಗಿ ಊರ ಹೊರಗಿಡುವುದನ್ನೂ ಅಪರಾಧವೆನ್ನುತ್ತದೆ. ಒಬ್ಬರ ನಂಬಿಕೆಯ ಭಾರ ಇನ್ನೊಬ್ಬರ ಶರೀರದ ಮೇಲೆ ಬಿದ್ದಲ್ಲಿ ಅದು ಅಡ್ಡ ನಿಲ್ಲುತ್ತದೆ. ಮೇಲೆ ನಾನು ಹೇಳಿದ ಅಳತೆಗೂ ಇದಕ್ಕೂ ಬಹಳ ದೂರವಿಲ್ಲ.

ಇಂಡಿಯ ಕಡೆಯವರು ನಿಂಬಾಳದ ಗುರುದೇವ ರಾನಡೆಯವರನ್ನು ಮರೆತಿರಲಾರರು. ಗ್ರೀಕರ ತತ್ತ್ವಶಾಸ್ತ್ರವನ್ನು ಮೂಲದಿಂದ ಅಭ್ಯಸಿಸಿ, ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಅಲ್ಲಿಯ ಕುಲಪತಿಗಳೂ ಆಗಿ, ಕೊನೆಗೆ ನಮ್ಮ ಈ ಬಿಸಿಲುನಾಡಿನ ರೈಲು ನಿಲ್ದಾಣವೊಂದರ ಬಳಿ ನಾಮಸ್ಮರಣೆಯಲ್ಲಿ ಕುಳಿತು 1957ರಲ್ಲಿ ದೇಹವಿಟ್ಟ ಆ ಮಹನೀಯರು, ದೇವರು ಕಂಡನೆಂದು ಹೇಳುವವನ ಮಾತನ್ನು ಕಣ್ಣುಮುಚ್ಚಿ ಒಪ್ಪಬೇಕೆನ್ನಲಿಲ್ಲ. 1933ರಲ್ಲಿ ಪ್ರಕಟವಾದ ಮಹಾರಾಷ್ಟ್ರದ ಸಂತರನ್ನು ಕುರಿತ ತಮ್ಮ ಗ್ರಂಥದ ಪೀಠಿಕೆಯಲ್ಲಿ ಅವರು, ನಿಜವಾದ ಅನುಭಾವವು ಬುದ್ಧಿಯನ್ನು ಮಂಕಾಗಿಸದು, ಭಾವವನ್ನು ಒಣಗಿಸದು, ಹಾಗೂ ನಡತೆಯಲ್ಲಿ ನೀತಿಯಾಗಿ ತೋರಲೇಬೇಕು ಎಂಬರ್ಥದ ಲಕ್ಷಣಗಳನ್ನು ಹೇಳಿದರು. ಸಾಕ್ಷಾತ್ಕಾರಕ್ಕೇ ಪರೀಕ್ಷೆಯುಂಟೆಂದು ಅಂಥವರು ಒಪ್ಪಿದ ಮೇಲೆ, ಮೈಯಲ್ಲಿ ದೇವರು ಬಂದವನ ಒಂದು ಮಾತಿಗೆ ಪರೀಕ್ಷೆ ಬೇಡವೇ?

ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನಕ್ಕೆ ನಿಮ್ಮಲ್ಲಿ ಹೋಗದವರು ಯಾರು? ಜೇಬಿಲ್ಲದ ಅಂಗಿಯನ್ನು ತೊಟ್ಟ ಆ ಪುರುಷರು 2018ರಲ್ಲಿ ಪದ್ಮಶ್ರೀಯನ್ನು ವಿನಯದಿಂದ ಹಿಂದಿರುಗಿಸಿದುದು ಎಲ್ಲರಿಗೂ ಗೊತ್ತು. ನನ್ನನ್ನು ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಅವರು 2014ರಲ್ಲಿಯೇ ಬರೆದಿಟ್ಟಿದ್ದ ಅಂತಿಮ ಪತ್ರ. ನಮ್ಮಲ್ಲಿ ಸ್ವಾಮಿಗಳ ದೇಹವನ್ನು ಸಮಾಧಿಗೊಳಿಸುವುದು ವಾಡಿಕೆ, ಸಮಾಧಿಯ ಮೇಲೆ ಗದ್ದುಗೆ, ಗದ್ದುಗೆಗೆ ಪೂಜೆ, ಪೂಜೆಗೆ ಜಾತ್ರೆ. ಅವರಾದರೋ ದೇಹವನ್ನು ಅಗ್ನಿಗೆ ಕೊಡಬೇಕು, ವಿಧಿಗಳು ಬೇಡ, ಸ್ಮಾರಕ ಬೇಡ, ಬೂದಿಯನ್ನು ಹೊಳೆಗೋ ಸಮುದ್ರಕ್ಕೋ ಬಿಡಬೇಕು ಎಂದು ಬರೆದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ, ಜನಸಾಗರದ ನಡುವೆ, ಅವರ ಮಾತು ನಡೆಯಿತು. ಚಿತಾಭಸ್ಮವು ಕೂಡಲಸಂಗಮಕ್ಕೂ ಗೋಕರ್ಣಕ್ಕೂ ಸಂದಿತು. ತಮ್ಮ ಹೆಸರಿನಲ್ಲಿ ಮುಂದೆ ಏನೇನು ನಡೆದೀತೆಂದು ಅವರು ಬದುಕಿರುವಾಗಲೇ ಸಂದೇಹಿಸಿದ್ದರು. ಆ ಸಂದೇಹಕ್ಕೆ ತಮ್ಮ ದೇಹವನ್ನೇ ಗುರಿಮಾಡಿದರು, ಬೇರೆ ಯಾರನ್ನೂ ಅಲ್ಲ. ಅಂಥ ನಂಬಿಕೆಯನ್ನೂ ಅಂಥ ಸಂದೇಹವನ್ನೂ ಒಬ್ಬರಲ್ಲೇ ನಾವು ಕಂಡೆವು.

ನಿಮ್ಮ ಮನೆಯ ಓದಿದ ಮಕ್ಕಳ ವಿಷಯದಲ್ಲಿ ನಿಮಗಿರುವ ಬೇಸರವನ್ನೂ ನಾನು ಅರಿಯೆನೆಂದಲ್ಲ. ಎಲ್ಲವನ್ನೂ ಅಲ್ಲಗಳೆಯುವ ಅವರ ಮಾತಿನಲ್ಲಿ ಒರಟುತನವಿದೆ. ಅದಕ್ಕಿಂತ ದೊಡ್ಡ ದೋಷವೆಂದರೆ ಅವರ ಸಂದೇಹ ನಡುದಾರಿಯಲ್ಲಿ ನಿಂತುಬಿಡುವುದು. ಎಲ್ಲವ್ವನನ್ನು ನಂಬದ ಹುಡುಗ ವರದಕ್ಷಿಣೆಯನ್ನು ನಂಬುತ್ತಾನೆ. ಪಂಚಾಂಗವನ್ನು ನಗೆಯಾಡುವವನು ಮದುವೆಯ ಹೊತ್ತಿಗೆ ಒಳಪಂಗಡ ಹುಡುಕುತ್ತಾನೆ. ತನಗೆ ಲಾಭವಿರುವ ಕಡೆ ಸಂದೇಹಿಸದವನು ನಿಮ್ಮ ನಂಬಿಕೆಯನ್ನು ಪ್ರಶ್ನಿಸುವ ಅಧಿಕಾರವನ್ನು ಇನ್ನೂ ಗಳಿಸಿಲ್ಲ. ಹಾಗೆಂದು ಪ್ರಶ್ನಿಸುವ ಬಾಯಿಗಳನ್ನೇ ಮುಚ್ಚಿಸುವ ದಾರಿಯನ್ನು ಮಾತ್ರ ಯಾವ ಕಾರಣಕ್ಕೂ ಹಿಡಿಯಬೇಡಿರಿ. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ವಚನಗಳಿಗೆ ತಮ್ಮ ಆಯುಷ್ಯವನ್ನು ಧಾರೆಯೆರೆದವರು. ಸಮಗ್ರ ವಚನ ಸಂಪುಟಗಳ ಸಂಪಾದನೆಯ ಹಿಂದೆ ಅವರ ದುಡಿಮೆಯಿದೆ. ಅದೇ ಪ್ರೀತಿಯಿಂದ ಅವರು ಪರಂಪರೆಯ ಕಥೆಗಳನ್ನು ಶಾಸನ ಹಸ್ತಪ್ರತಿಗಳ ಎದುರಿಗಿಟ್ಟು ಪ್ರಶ್ನಿಸಿದಾಗ, ತಮ್ಮ ಬರಹವನ್ನು ಒತ್ತಡಕ್ಕೆ ಸಿಕ್ಕಿ ಹಿಂದೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಿನಲ್ಲಿ ಅವರು ಗುಂಡಿಗೆ ಬಲಿಯಾದರು. ಸಿಂದಗಿಯ ಹಿರಿಯರೇ, ಅವರು ನಿಮ್ಮ ಮಣ್ಣಿನ ಮಗ. ವಚನಗಳನ್ನು ಅಷ್ಟು ಪ್ರೀತಿಸಿದವರನ್ನು ವಚನಗಳ ವಿರೋಧಿಯೆಂದು ಹಳಿದ ಮಾತುಗಳು ನಮ್ಮ ಕಟ್ಟೆಗಳಲ್ಲಿಯೂ ಕೇಳಿಬಂದವೆಂಬುದನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ನನ್ನ ಬೇಡಿಕೆ. ಜಾತ್ರೆಯ ಖರ್ಚುವೆಚ್ಚ ಬರೆಯುವ ವಹಿ ಪ್ರತಿಯೊಂದು ಕಮಿಟಿಯಲ್ಲಿಯೂ ಇದೆ. ಅದರ ಹಿಂಬದಿಯ ಕೆಲವು ಹಾಳೆಗಳನ್ನು ಬಿಟ್ಟು, ಊರ ದೈವ ಕೂಡಿ ಒಬ್ಬರ ಬಾಳನ್ನು ಕುರಿತು ಯಾವ ತೀರ್ಮಾನ ಮಾಡಿದರೂ ಅಲ್ಲಿ ಬರೆದಿಡಿರಿ: ಹೇಳಿಕೆಯಲ್ಲಿ ಏನು ಬಂದಿತು, ವೈದ್ಯರೋ ಮಾಸ್ತರರೋ ಏನೆಂದರು, ಯಾರ ವಿಷಯವೋ ಅವರನ್ನು ಕೂಡಿಸಿ ಕೇಳಿದೆವೋ ಇಲ್ಲವೋ. ಹೂವನ್ನು ಕೇಳಬೇಡಿರೆಂದು ನಾನು ಅನ್ನುವುದಿಲ್ಲ. ಆ ಹುಡುಗಿಯನ್ನೂ ಆ ಸೊಸೆಯನ್ನೂ ಹೂವಿಗಿಂತ ಮೊದಲು ಕೇಳಿರೆನ್ನುತ್ತೇನೆ. ಹಾವು ಕಚ್ಚಿದವರಿಗೆ ಗಾಡಿ ಮೊದಲು, ಗುಡಿ ಆಮೇಲೆ ಎಂದು ಒಂದು ಠರಾವು ಮಾಡಿ, ತಾಲೂಕು ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೋ ಇಲ್ಲವೋ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಇಬ್ಬರು ಹೋಗಿ ವಿಚಾರಿಸಿ ಬರಲಿ. ಇಲ್ಲವೆಂದರೆ ಕಮಿಟಿಯ ಹೆಸರಿನಲ್ಲಿ ಅರ್ಜಿ ಕೊಡಲಿ. ಒಂದು ವರ್ಷ ಕಳೆದ ಮೇಲೆ, ಮುಂದಿನ ಜಾತ್ರೆಯ ವಂತಿಗೆ ಗೊತ್ತುಮಾಡುವ ದಿನ, ಲೆಕ್ಕ ಓದುವವನಿಂದ ಆ ಹಾಳೆಗಳನ್ನೂ ಎಲ್ಲರ ಎದುರಿಗೆ ಓದಿಸಿರಿ. ಆ ದಿನದ ಮಟ್ಟಿಗಾದರೂ ಹೆಣ್ಣುಮಕ್ಕಳಿಗೂ ಕೆಳಗಿನ ಕೇರಿಯವರಿಗೂ ಕಟ್ಟೆಯ ಮೇಲೆ ಜಾಗ ಕೊಡಿರಿ. ಬರೆಯುವವರು ಸಿಕ್ಕದ ಊರಿನವರು ಕರೆ ಕಳಿಸಿದರೆ ನಾನೇ ಬಂದು ಬರೆದುಕೊಡುತ್ತೇನೆ.

ಇಂತು ತಮ್ಮ ವಿಶ್ವಾಸಿ,
ಇದೇ ಸೀಮೆಯ ಒಬ್ಬ ಭಕ್ತ